ಬೆಂಗಳೂರಿನ ಶಾಸನ ಕಲ್ಲುಗಳು ಈಗ ಸ್ಕ್ರೀನ್ ಮೇಲೆ: ಮಿಥಿಕ್ ಸೊಸೈಟಿಯ ತ್ರೀಡಿ ಸಂಗ್ರಹ ಬಳಸಿ ನೋಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನು ರಿವ್ಯೂ ಬರೀತಿರೋದು ದುಡ್ಡು ಕೊಟ್ಟು ತಗೊಳೋ ಆ್ಯಪ್ ಬಗ್ಗೆ ಅಲ್ಲ, ಆನ್‌ಲೈನ್ ಕೋರ್ಸ್ ಬಗ್ಗೇನೂ ಅಲ್ಲ. ನೃಪತುಂಗ ರಸ್ತೇಲಿ ಮಿಥಿಕ್ ಸೊಸೈಟಿ ಅಂತ 1909ರಲ್ಲಿ ಶುರುವಾದ ಹಳೇ ಸಂಸ್ಥೆ ಇದೆಯಲ್ಲ, ಅವರು 2021ರಿಂದ ಬೆಂಗಳೂರು ಸುತ್ತಮುತ್ತ ಇರೋ ಶಾಸನ ಕಲ್ಲುಗಳನ್ನ ಒಂದೊಂದಾಗಿ ಹುಡ್ಕಿ, ತ್ರೀಡಿ ಸ್ಕ್ಯಾನ್ ಮಾಡಿ, ಯಾರು ಬೇಕಾದ್ರೂ ನೋಡೋ ಹಾಗೆ ಪುಕ್ಕಟೆ ಹಾಕ್ತಾ ಇದಾರೆ. ಪಿ. ಎಲ್. ಉದಯಕುಮಾರ್ ಅವರ ತಂಡ ಮಾಡ್ತಿರೋ ಕೆಲಸ. ಸ್ಕ್ಯಾನ್ ಮಾಡಿದ ಫೈಲು, ಫೋಟೋಗಳು ವಿಕಿಮೀಡಿಯಾ ಕಾಮನ್ಸ್ ಅನ್ನೋ ಎಲ್ಲರಿಗೂ ಮುಕ್ತವಾದ ವೆಬ್‌ಸೈಟಲ್ಲಿ ಸಿಗುತ್ತೆ, ಯಾವ ಕಲ್ಲು ಎಲ್ಲಿದೆ ಅಂತ ಮ್ಯಾಪಲ್ಲಿ ಗುರುತು ಸಿಗುತ್ತೆ, ಇದರ ಜೊತೆ ಅಕ್ಷರ ಭಂಡಾರ ಅಂತ ಒಂದು ಸಾಫ್ಟ್‌ವೇರ್, ಅದರಲ್ಲಿ ಶಾಸನದ ಅಕ್ಷರಗಳನ್ನ ಬಿಡಿಬಿಡಿಯಾಗಿ ನೋಡಬಹುದು. ಈ ಮೂರನ್ನೂ ಬಿಡುವಾದಾಗೆಲ್ಲ ಬಳಸ್ತಾ ಬಂದಿದೀನಿ, ನನ್ನ ಮಟ್ಟಿಗೆ ಕನ್ನಡದಲ್ಲಿ ಇತಿಹಾಸ ಕಲಿಯೋಕೆ ಇಂಟರ್ನೆಟ್‌ನಲ್ಲಿ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಟೈಮ್ ಇದ್ರೆ ಓದಿ.

ಈಗ ನಮ್ಮ ಜನಕ್ಕೆ ಇತಿಹಾಸ ಎಲ್ಲಿಂದ ಸಿಗ್ತಿದೆ ಹೇಳಿ. ಸ್ಕೂಲ್ ಬಿಟ್ಟ ಮೇಲೆ ಯಾರೂ ಪುಸ್ತಕ ತೆಗೆಯಲ್ಲ. ರೀಲ್ಸು, ಯೂಟ್ಯೂಬು, ಫ್ಯಾಮಿಲಿ ಗ್ರೂಪಿಗೆ ಬರೋ ಫಾರ್ವರ್ಡು, ಇಷ್ಟೇ. ಎಲ್ಲಾ ಕೆಟ್ಟದ್ದು ಅನ್ನಲ್ಲ, ಕೆಲವರು ತುಂಬಾ ಓದ್ಕೊಂಡು ವಿಡಿಯೋ ಮಾಡ್ತಾರೆ, ಅವರಿಂದ ನಾನೂ ಕಲ್ತಿದೀನಿ. ಆದ್ರೆ ಬಹಳಷ್ಟು ವಿಡಿಯೋಲಿ ಏನಾಗುತ್ತೆ ಅಂದ್ರೆ ಹಿಂದೆ ಢಂ ಢಂ ಮ್ಯೂಸಿಕ್ಕು, ಕಂಪ್ಯೂಟರ್ ಬರೆದ ರಾಜನ ಚಿತ್ರ, "ನಿಮಗೆ ಯಾರೂ ಹೇಳದ ಸತ್ಯ" ಅಂತ ಟೈಟಲ್ಲು, ಹತ್ತು ನಿಮಿಷ ಕೇಳಿದ ಮೇಲೂ ಈ ಮಾತಿಗೆ ಆಧಾರ ಏನು, ಯಾವ ಶಾಸನ, ಯಾವ ಊರಿಂದು ಅಂತ ಒಂದು ಮಾತೂ ಇರಲ್ಲ. ಒಂದು ಆ್ಯಪ್‌ಗೆ ವರ್ಷದ ಚಂದಾ ಕೂಡ ಕಟ್ಟಿದ್ದೆ, ಹೆಸರು ಬೇಡ ಬಿಡಿ, ಅದರಲ್ಲಿ ಹೊಯ್ಸಳ ದೊರೆಗೆ ಮೊಗಲರ ಅಂಗಿ ಪೇಟ ಹಾಕಿ ಚಿತ್ರ ತೋರಿಸ್ತಿದ್ರು, ಹಳೇಬೀಡಿನ ಗೋಡೆ ಮೇಲೆ ಅಷ್ಟೊಂದು ಶಿಲ್ಪ ಕಣ್ಣೆದುರಿಗೇ ಇರೋವಾಗ! ಕಸ್ಟಮರ್ ಕೇರ್‌ಗೆ ಬರೆದ್ರೆ "ನಿಮ್ಮ ಸಲಹೆಗೆ ಧನ್ಯವಾದ" ಅಂತ ಉತ್ತರ ಬಂತು, ಚಿತ್ರ ಹಾಗೇ ಉಳೀತು. ಸಿಟ್ಟು ಬಂದಿದ್ದು ದುಡ್ಡಿಗಲ್ಲ. ಅದನ್ನ ನೋಡಿ ಕಲಿಯೋ ಮಕ್ಕಳ ತಲೇಲಿ ಅದೇ ಕೂತ್ಕೊಳುತ್ತಲ್ಲ ಅಂತ.

ಈ ಶಾಸನ ಸಂಗ್ರಹದಲ್ಲಿ ನನಗೆ ಹಿಡಿಸಿದ್ದೇ ಅದು, ಯಾರೋ ಹೇಳಿದ್ದನ್ನ ನಂಬ್ಕೋ ಅನ್ನಲ್ಲ, ಕಲ್ಲನ್ನೇ ತಂದು ಮುಂದೆ ಇಡ್ತಾರೆ, ತಗೊಳ್ಳಿ ನೀವೇ ನೋಡಿ ಅಂತ.

ಶುರು ಮಾಡೋರಿಗೆ ನಾನು ಹೇಳೋದು ಹೆಬ್ಬಾಳದ ಕಿತ್ತಯ್ಯನ ಕಲ್ಲಿಂದ ಶುರು ಮಾಡಿ ಅಂತ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೀವಾಗ ಸಿಕ್ಕಿದ ವೀರಗಲ್ಲು ಅದು. ಕಾಲ ಸುಮಾರು ಕ್ರಿ.ಶ. 750 ಅಂತಾರೆ, ಗಂಗರ ಶ್ರೀಪುರುಷ ಆಳ್ತಿದ್ದ ಕಾಲ. ಫ್ಲೈಓವರ್ ಮೇಲೆ ಏರ್‌ಪೋರ್ಟ್ ಕಡೆ ಹೋಗೋ ಟ್ರಾಫಿಕ್ಕಲ್ಲಿ ನಿಂತು ಬೈಕೊಳೋ ಅದೇ ಹೆಬ್ಬಾಳ, ಆ ಕಲ್ಲಿನ ಮೇಲೆ "ಪೆರ್ಬೊಳಲ್ ನಾಡು" ಅಂತ ಇದೆ, ಮೂವತ್ತು ಊರುಗಳ ಒಂದು ನಾಡು. ರಾಷ್ಟ್ರಕೂಟರ ಕಡೆಯ ಪಡೆ ಮೇಲೆ ಬಿದ್ದಾಗ ಊರು ಉಳಿಸೋಕೆ ಹೋಗಿ ಕಿತ್ತಯ್ಯ ಅನ್ನೋನು ಸತ್ತ, ಇಂದ್ರನ ಲೋಕ ಸೇರಿದ ಅಂತ ಕೆತ್ತಿದಾರೆ. ಆ ಸಂದರ್ಭಕ್ಕೆ ಅವರು ಬಳಸಿರೋ ಮಾತು "ಊರಳಿವು". ನೋಡಿ, ಸಾವಿರದ ಇನ್ನೂರು ಎಪ್ಪತ್ತು ವರ್ಷ ಆಯ್ತು, ಇವತ್ತು ಯಾವ ಹಳ್ಳಿ ಅಜ್ಜಿ ಕಿವಿಗೆ ಆ ಪದ ಬಿದ್ರೂ ಅರ್ಥ ಆಗುತ್ತೆ. ಅವನು ರಾಜ ಅಲ್ಲ, ಯಾವ ಪಠ್ಯಪುಸ್ತಕದಲ್ಲೂ ಅವನ ಹೆಸರು ಬರೋಕೆ ಸಾಧ್ಯ ಇರಲಿಲ್ಲ, ಆ ಕಲ್ಲು ಇನ್ನೂ ಎರಡಡಿ ಆಳದಲ್ಲಿದ್ದಿದ್ರೆ ಹಾಗೇ ಕಾಂಕ್ರೀಟ್ ಬಿದ್ದು ಮುಚ್ಚಿಹೋಗ್ತಿತ್ತು. ಆಮೇಲೆ ಜನ ಸೇರಿ ಆ ಕಲ್ಲಿಗೆ ಅಲ್ಲೇ ಒಂದು ಮಂಟಪ ಕಟ್ಟಿಸಿದ್ರು, ಆ ಕಡೆ ಹೋದವರು ನೋಡ್ಕೊಂಡು ಬನ್ನಿ.

ಸರಿ, ತ್ರೀಡಿ ಅಂದ್ರೆ ಏನು ಪ್ರಯೋಜನ, ಫೋಟೋ ಸಾಲಲ್ವಾ ಅಂತ ಕೇಳಬಹುದು. ಸಾಲಲ್ಲ. ಶಾಸನದ ಕಲ್ಲನ್ನ ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತೆ, ನಡು ಮಧ್ಯಾಹ್ನ ಹೋದ್ರೆ ಒಂದಕ್ಷರನೂ ಕಾಣಲ್ಲ, ಬೆಳಿಗ್ಗೆ ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕೆತ್ತಿದ ಗೆರೆಯೊಳಗೆ ನೆರಳು ಕೂತು ಅಕ್ಷರ ಎದ್ದು ಕಾಣುತ್ತೆ. ಅದೂ ಕಲ್ಲಿಗೆ ಎಣ್ಣೆ ಅರಿಶಿನ ಕುಂಕುಮ ಸುಣ್ಣ ಬಳಿದಿದ್ರೆ, ಪಾಚಿ ಕಟ್ಟಿದ್ರೆ ಫೋಟೋದಲ್ಲಿ ಕಾಣೋದು ಬರೀ ಬಣ್ಣದ ಕಲೆ. ಸ್ಕ್ಯಾನರ್ ಬಣ್ಣ ಬಿಟ್ಟು ಕಲ್ಲಿನ ಉಬ್ಬು ತಗ್ಗನ್ನ ಅಳೀತದೆ, ಹಾಗಾಗಿ ಸ್ಕ್ರೀನ್ ಮೇಲೆ ಕಾಣೋದು ಬಣ್ಣ ಇಲ್ಲದ ಬೂದು ಕಲ್ಲು, ಅದರಲ್ಲಿ ಕೂದಲೆಳೆ ಗೀರು ಕೂಡ ಗೊತ್ತಾಗುತ್ತೆ. ಕಾಮನ್ಸ್‌ನಲ್ಲಿ ಫೈಲ್ ಮೇಲೆ ಕ್ಲಿಕ್ ಮಾಡಿದ್ರೆ ಮೌಸ್ ಹಿಡ್ಕೊಂಡು ತಿರುಗಿಸಿ ನೋಡಬಹುದು. ಇನ್ನೂ ಆಸಕ್ತಿ ಇದ್ರೆ ಫೈಲ್ ಇಳಿಸ್ಕೊಂಡು ಮೆಶ್‌ಲ್ಯಾಬ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ತೆಗೀರಿ, ಅಲ್ಲಿ ಬೆಳಕನ್ನ ಯಾವ ದಿಕ್ಕಿಂದ ಬೇಕಾದ್ರೂ ಬೀಳಿಸಬಹುದು. ನಾನು ಒಂದು ಕಲ್ಲನ್ನ ಹಾಗೆ ತೆಗೆದು ಬೆಳಕನ್ನ ಎಡಗಡೆಯಿಂದ ನಿಧಾನಕ್ಕೆ ಕೆಳಗೆ ಇಳಿಸ್ತಾ ಹೋದೆ, ಅಲ್ಲಿವರೆಗೂ ಸವೆದುಹೋದ ಬಂಡೆ ಥರ ಇದ್ದ ಜಾಗದಲ್ಲಿ ಸಾಲಿಗೆ ಸಾಲು ಅಕ್ಷರ ಎದ್ದು ನಿಂತವು, ಅಲ್ಲಿ "ಸ್ವಸ್ತಿ" ಅಂತ ಓದೋಕೆ ಬಂದಾಗ ಆದ ಖುಷಿ ಹೇಳೋಕಾಗಲ್ಲ, ಎದೆ ಹೊಡ್ಕೊಳ್ತಿತ್ತು.

ಹಿಂದಿನವರು ಇದೇ ಕೆಲಸನ ಕಾಗದದಲ್ಲಿ ಮಾಡ್ತಿದ್ರು. ಕಲ್ಲು ಚೆನ್ನಾಗಿ ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಲ್ಲಿ ತಟ್ಟಿ ತಟ್ಟಿ ಕಾಗದ ಅಕ್ಷರದ ತಗ್ಗಿಗೆ ಇಳಿಯೋ ಹಾಗೆ ಮಾಡಿ, ಮೇಲೆ ಮಸಿ ಒತ್ತೋದು. ಉಬ್ಬಿದ ಜಾಗ ಕಪ್ಪು, ಅಕ್ಷರ ಬಿಳಿ. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಇದ್ರಲ್ಲ, ಅವರು ಮೈಸೂರು ಸಂಸ್ಥಾನ ಪೂರ್ತಿ ಹೀಗೆ ಶಾಸನ ಸಂಗ್ರಹ ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕ ಅಂತ 12 ಸಂಪುಟ ತಂದ್ರು, ಅದರಲ್ಲಿ 9,000ದ ಹತ್ತಿರ ಹತ್ತಿರ ಶಾಸನಗಳಿವೆ. ಬೆಂಗಳೂರು ಜಿಲ್ಲೇದು 9ನೇ ಸಂಪುಟ, 1905ರದ್ದು. ಈ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ, ಕನ್ನಡ ಅಕ್ಷರದಲ್ಲಿ ಪಾಠ (ಅಂದ್ರೆ ಕಲ್ಲಲ್ಲಿ ಬರೆದಿರೋ ಮಾತು), ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ ಮೂರೂ ಇದೆ, ತಾಲೂಕಿನ ಹೆಸರು ಮತ್ತು ನಂಬರ್ ಹಿಡಿದು ಹುಡುಕಬೇಕು. ನಾನು ಮಾಡೋದು ಹೀಗೆ: ಒಂದು ಕಡೆ ತ್ರೀಡಿ ಕಲ್ಲು, ಇನ್ನೊಂದು ಕಡೆ ರೈಸ್ ಪುಸ್ತಕದ ಪುಟ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಸಾಲು ಸಾಲಾಗಿ ಹೋಲಿಸ್ತೀನಿ. ಅಂಥಾ ಪುಸ್ತಕ ಲೈಬ್ರರಿ ಕಪಾಟಿನಿಂದ ಹೊರಗೆ ತೆಗೆಸೋಕೆ ಒಂದು ಕಾಲದಲ್ಲಿ ಶಿಫಾರಸು ಪತ್ರ ಬೇಕಾಗ್ತಿತ್ತು, ಈಗ ರಾತ್ರಿ ಊಟ ಮುಗಿಸಿ ಹಾಸಿಗೆ ಮೇಲೆ ಕೂತು ಓದ್ತೀವಿ. ಇದು ದೊಡ್ಡ ವಿಷಯ, ಇದನ್ನ ಸುಮ್ನೆ ಟೆಕ್ನಾಲಜಿ ಅಂತ ಹೇಳಿ ಮುಂದೆ ಹೋಗ್ಬಾರದು.

ಇನ್ನು ಅಕ್ಷರ ಭಂಡಾರ. ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು, ಇತಿಹಾಸ ಅಂದ್ರೆ ಇಸವಿ ಬಾಯಿಪಾಠ ಅಂತ ತಿಳ್ಕೊಂಡಿದ್ದ. ಅವನಿಗೆ ಶಾಸನದ ಫೋಟೋ ತೋರ್ಸಿ ಇದು ಯಾವ ಭಾಷೆ ಹೇಳು ನೋಡೋಣ ಅಂದೆ.

"ತೆಲುಗಾ ಮಾವ? ಇಲ್ಲಾ ತಮಿಳಾ?"

"ಕನ್ನಡ ಕಣೋ."

"ಸುಳ್ಳು ಹೇಳ್ಬೇಡ ಮಾವ, ಒಂದಕ್ಷರನೂ ಓದೋಕೆ ಆಗ್ತಿಲ್ಲ."

ಆಮೇಲೆ ಅಕ್ಷರ ಭಂಡಾರ ತೆಗೆದು ಕೂರಿಸ್ದೆ. ಶಾಸನದಲ್ಲಿರೋ ಅಕ್ಷರದ ಚಿತ್ರ, ಅದಕ್ಕೆ ಸರಿಯಾದ ಈಗಿನ ಅಕ್ಷರ, ಎರಡನ್ನೂ ಜೋಡಿಸಿ ನೋಡಬಹುದಾದ್ರಿಂದ ಹುಡುಗನಿಗೆ ಅದು ಒಗಟು ಬಿಡಿಸೋ ಆಟ ಆಗ್ಬಿಡ್ತು. ಗ ಸಿಕ್ತು, ರ ಸಿಕ್ತು, ಪ ಯಾವ್ದು ವ ಯಾವ್ದು ಅಂತ ಗಲಾಟೆ, ಸವೆದ ಕಲ್ಲಲ್ಲಿ ಅವೆರಡೂ ಒಂದೇ ಥರ ಕಾಣುತ್ತೆ. ಪದಗಳ ಮಧ್ಯೆ ಜಾಗ ಬಿಟ್ಟಿಲ್ಲ, ಎ ಗೂ ಏ ಗೂ ವ್ಯತ್ಯಾಸ ತೋರಿಸಿಲ್ಲ, ಹಾಗಾಗಿ ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಎಳೀಬೇಕು ಅಂತ ಅರ್ಥ ನೋಡ್ಕೊಂಡೇ ತೀರ್ಮಾನ ಮಾಡ್ಬೇಕು. ಅವನು ಕೇಳಿದ ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ ಆಯ್ತು, "ಮಾವ, ಇದನ್ನ ಬೇರೆಯವರು ಬೇರೆ ಥರ ಓದಿದ್ರೆ ಯಾರದ್ದು ಸರಿ?" ಅಂದ. ಇತಿಹಾಸ ಕಲಿಯೋದು ಅಂದ್ರೆ ಇದೇ ಅಲ್ವಾ, ಈ ಪ್ರಶ್ನೆ ಹುಟ್ಟೋದು. ಇಸವಿ ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆ ಬರಲ್ಲ, ಹತ್ತು ನಿಮಿಷದ ವಿಡಿಯೋ ನೋಡಿದವನಿಗೂ ಬರಲ್ಲ, ಯಾಕಂದ್ರೆ ಅಲ್ಲಿ ಎಲ್ಲಾ ತೀರ್ಮಾನ ಆಗೋಗಿರುತ್ತೆ. ಟೀಚರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಕ್ಲಾಸಲ್ಲಿ ಒಂದು ಸಲ ಪ್ರೊಜೆಕ್ಟರ್‌ಗೆ ಹಾಕಿ ನೋಡಿ, ಮಕ್ಕಳು ಬಿಟ್ಟು ಏಳಲ್ಲ.

ಈಗ ಬೇಗೂರಿನ ವಿಷಯಕ್ಕೆ ಬರ್ತೀನಿ. ಬೆಂದಕಾಳೂರು ಕಥೆ ಎಲ್ಲರಿಗೂ ಗೊತ್ತು, ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಒಬ್ಬ ಅಜ್ಜಿ ಬೇಯಿಸಿದ ಕಾಳು ಕೊಟ್ಟು ಹಸಿವು ನೀಗಿಸಿದಳು ಅಂತ. ಚಂದದ ಕಥೆ, ನಮ್ಮಜ್ಜಿನೂ ಹೇಳಿದ್ರು, ನಾನೂ ಮಕ್ಕಳಿಗೆ ಹೇಳ್ತೀನಿ, ಕಥೆಯಾಗಿ. ಆದ್ರೆ ಬೇಗೂರಿನ ನಾಗೇಶ್ವರ ಗುಡಿ ಆವರಣದಲ್ಲಿ ಒಂದು ಕಲ್ಲಿದೆ, ಸುಮಾರು ಕ್ರಿ.ಶ. 890ರದ್ದು ಅಂತಾರೆ, ಅದರಲ್ಲಿ ಬೆಂಗಳೂರ ಕಾಳಗದಲ್ಲಿ ನಾಗತ್ತರ ಅನ್ನೋ ಗಂಗರ ಅಧಿಕಾರಿಯ ಕಡೆಯವನು ಸತ್ತ ವಿಷಯ ಇದೆ. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದ್ರೆ ಅವನು ಹುಟ್ಟೋಕೆ ಎಷ್ಟೋ ತಲೆಮಾರು ಮುಂಚೆನೇ ಊರಿಗೆ ಆ ಹೆಸರಿತ್ತು. ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದ್ದು 1537ರಲ್ಲಿ, ಅದು ಇನ್ನೂ ಆಮೇಲೆ. ಇದರಿಂದ ಕೆಂಪೇಗೌಡರ ದೊಡ್ಡತನಕ್ಕೆ ಒಂದು ಚೂರೂ ಕಮ್ಮಿ ಆಗಲ್ಲ, ನಾವು ಇವತ್ತು ಓಡಾಡೋ ಚಿಕ್ಕಪೇಟೆ ಬಳೇಪೇಟೆಗಳ ನಗರ ಅವರದ್ದೇ. ಆದ್ರೆ ಅದಕ್ಕೂ ಆರೂವರೆ ಶತಮಾನ ಮುಂಚೆ ಇಲ್ಲಿ ಜನ ಇದ್ರು, ಊರಿಗೆ ಹೆಸರಿತ್ತು, ಅದಕ್ಕೋಸ್ಕರ ಹೊಡೆದಾಡಿ ಸತ್ತೋರಿದ್ರು ಅನ್ನೋದು ಆ ಕಲ್ಲಿಲ್ಲದೇ ಗೊತ್ತಾಗ್ತಿರಲಿಲ್ಲ. ಸ್ಕ್ರೀನಲ್ಲಿ ನೋಡಿ ತಡ್ಕೊಳೋಕಾಗದೆ ಒಂದು ಭಾನುವಾರ ಹುಡುಗನ್ನ ಕರ್ಕೊಂಡು ಬೇಗೂರಿಗೆ ಹೋದೆ, ಗುಡಿ ಹತ್ತಿರ ಹೂ ಮಾರ್ತಿದ್ದ ಅಮ್ಮ "ಕಲ್ಲು ನೋಡಕ್ ಬಂದ್ರಾ? ಒಳಗೆ ಹೋಗಿ ಸಾಮಿ, ಈಗೀಗ ಬಾಳ ಜನ ಬತ್ತಾರೆ" ಅಂದ್ರು. ಕೇಳಿ ಸಂತೋಷ ಆಯ್ತು. ಯಾವ ಡಿಜಿಟಲ್ ಕೆಲಸ ಆದ್ರೂ ಜನನ್ನ ಸ್ಕ್ರೀನಿಂದ ಎಬ್ಬಿಸಿ ಜಾಗಕ್ಕೆ ಕಳಿಸಿದ್ರೆ ಅದು ಸಾರ್ಥಕ ಅಂತ ನನ್ನ ಅಭಿಪ್ರಾಯ.

ಬೇಗೂರಿನದ್ದೇ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ್ದು, ತುಂಬೇಪಾಡಿ ಅನ್ನೋ ಕಡೆ ವೀರಮಹೇಂದ್ರನ ವಿರುದ್ಧ ನಾಗತ್ತರ ಆನೆಗಳ ಮಧ್ಯೆ ಹೋರಾಡಿ ಸತ್ತಿದ್ದು, ಯುದ್ಧದ ಗಿಜಿಗಿಜಿ ಎಲ್ಲಾ ಕೆತ್ತಿದಾರೆ. ಅದೇ ಮ್ಯೂಸಿಯಂನ ಸಂಗ್ರಹದಲ್ಲಿ ಆತಕೂರಿನ ಕಲ್ಲೂ ಇದೆ, ಇದು ಮದ್ದೂರು ಕಡೆಯದ್ದು, ಕ್ರಿ.ಶ. 949ರ ಸುಮಾರಿನದ್ದು, ಮಕ್ಕಳಿಗೆ ಖಂಡಿತ ತೋರಿಸಿ. ಚೋಳರ ಜೊತೆ ತಕ್ಕೋಲದ ಯುದ್ಧ ಆದಮೇಲೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೇರ ಅನ್ನೋ ವೀರ ಊರು ಹೊನ್ನು ಕೇಳ್ಲಿಲ್ಲ, ರಾಜನ ಹತ್ರ ಇದ್ದ ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಆ ನಾಯಿ ಕಾಡುಹಂದಿ ಜೊತೆ ಹೋರಾಡಿ ಎರಡೂ ಸತ್ತಾಗ ನಾಯಿಗೆ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ರು. ನಮ್ಮ ಹುಡುಗ ಈ ಕಥೆನ ಸ್ಕೂಲಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದಿದಾನೆ.

ಇನ್ನೊಂದು ವಿಷಯ, ಇದನ್ನ ಬರೆಯೋಕೆ ಸ್ವಲ್ಪ ಯೋಚನೆ ಮಾಡ್ದೆ, ಆದ್ರೂ ಬರೀಬೇಕು. ಬೆಂಗಳೂರಿನ ಶಾಸನಗಳು ಅಂತ ಹುಡುಕಿದ್ರೆ ಎಲ್ಲಾ ಕನ್ನಡದ್ದೇ ಸಿಗಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ, ಮಡಿವಾಳದ ಸೋಮೇಶ್ವರ ಗುಡಿ ಗೋಡೆ ಮೇಲೆ ತಮಿಳು ಶಾಸನಗಳಿವೆ. ಚೋಳರು 1004ರ ಸುಮಾರಿಗೆ ಗಂಗರ ತಲಕಾಡು ಹಿಡಿದ್ರು, ವಿಷ್ಣುವರ್ಧನ 1116ರಲ್ಲಿ ತಲಕಾಡಲ್ಲಿ ಅವರನ್ನ ಸೋಲಿಸಿದ, ಆದ್ರೆ ಅಷ್ಟು ಹೊತ್ತಿಗೆ ಈ ಪೂರ್ವದ ಕಡೆ ನೆಲೆ ನಿಂತ ಜನ, ವ್ಯಾಪಾರಿಗಳು, ಗುಡಿಗೆ ದಾನ ಕೊಡೋರು ಎಲ್ಲಾ ಎದ್ದು ಹೊರಟು ಹೋಗಲ್ವಲ್ಲ, ಹಾಗಾಗಿ ಹೊಯ್ಸಳರ ಕಾಲದಲ್ಲೂ ಇಲ್ಲಿ ತಮಿಳಲ್ಲಿ ಬರೆಸಿದಾರೆ. ಇದನ್ನ ಎತ್ಕೊಂಡು ಎರಡೂ ಕಡೆಯವರು ಆನ್‌ಲೈನಲ್ಲಿ ಜಗಳ ಆಡೋದು ನೋಡಿದ್ರೆ ಬೇಜಾರಾಗುತ್ತೆ. ಈ ಸಂಗ್ರಹದವರು ಅದನ್ನೂ ಮುಚ್ಚಿಡದೆ ಇದನ್ನೂ ಮುಚ್ಚಿಡದೆ ಎಲ್ಲಾ ಕಲ್ಲಿಗೂ ಒಂದೇ ಗೌರವ ಕೊಟ್ಟು ದಾಖಲೆ ಮಾಡ್ತಾರೆ, ಅದಕ್ಕೆ ನನ್ನ ನಮಸ್ಕಾರ. ಹೆಬ್ಬಾಳದಲ್ಲಿ 750ರ ಕನ್ನಡ, ದೊಮ್ಮಲೂರಲ್ಲಿ ತಮಿಳು, ಎರಡೂ ಇದೇ ಊರಿನ ಮಣ್ಣಿನದ್ದು.

ಕೊರತೆ ಏನು ಅಂತ ಕೇಳಿದ್ರೆ ಹೇಳ್ತೀನಿ, ಕೊರತೆ ಅನ್ನೋದಕ್ಕಿಂತ ಬಳಸೋ ಮುಂಚೆ ಗೊತ್ತಿರಬೇಕಾದ ವಿಷಯ. ತ್ರೀಡಿ ಫೈಲ್ ಸಹಜವಾಗೇ ಭಾರ ಇರುತ್ತೆ, ಹಳೇ ಫೋನಲ್ಲಿ ಕಮ್ಮಿ ಡೇಟಾದಲ್ಲಿ ತೆಗೆಯೋಕೆ ಹೋಗ್ಬೇಡಿ, ಲ್ಯಾಪ್‌ಟಾಪಲ್ಲಿ ನೋಡಿ. ಎರಡನೇದು, ಊರಿನ ಹೆಸರಿನ ಸ್ಪೆಲ್ಲಿಂಗ್ ಇಂಗ್ಲಿಷಲ್ಲಿ ನಾಲ್ಕು ಥರ ಬರೀಬಹುದಾದ್ರಿಂದ ಒಂದರಲ್ಲಿ ಸಿಗದಿದ್ರೆ ಇನ್ನೊಂದರಲ್ಲಿ ಹುಡ್ಕಿ, ಕನ್ನಡದಲ್ಲೂ ಹುಡ್ಕಿ. ಮೂರನೇದು ಸ್ವಲ್ಪ ದೊಡ್ಡದು: ಕಲ್ಲು ಸಿಕ್ತು, ಅಕ್ಷರ ಸಿಕ್ತು, ಹಳಗನ್ನಡದ ವಾಕ್ಯ ಓದಿದ್ದೂ ಆಯ್ತು, ಆಮೇಲೆ ಅದರ ಅರ್ಥ ಏನು, ಯಾಕೆ ಮುಖ್ಯ ಅಂತ ಸಾಮಾನ್ಯ ಓದುಗನಿಗೆ ಸುಲಭ ಕನ್ನಡದಲ್ಲಿ ಹೇಳೋರು ಬೇಕು. ನನಗೆ ಕಾಲೇಜಲ್ಲಿ ಕನ್ನಡ ಓದಿದ್ರಿಂದ ಒಂದಿಷ್ಟು ದಾರಿ ಕಂಡಿತು, ಇಲ್ದಿದ್ರೆ ಅರ್ಧಕ್ಕೆ ಬಿಡ್ತಿದ್ದೆ. ಇದು ಒಂದು ಸಂಸ್ಥೆ ಮಾಡಿ ಮುಗಿಸೋ ಕೆಲಸ ಅಲ್ಲ. ಕನ್ನಡ ಎಂಎ ಮಾಡಿದವರು, ಮೇಷ್ಟ್ರುಗಳು, ವಿಕಿಪೀಡಿಯಾದಲ್ಲಿ ಬರೆಯೋರು ಕೈಜೋಡಿಸ್ಬೇಕು. ಎಡಿಟ್ ಮಾಡೋದು ಯಾರು ಬೇಕಾದ್ರೂ ಕಲೀಬಹುದು, ತಮ್ಮ ಏರಿಯಾದ ಒಂದು ಕಲ್ಲಿನ ಬಗ್ಗೆ ಒಂದು ಪುಟ ಬರೆದ್ರೂ ಸಾಕು.

ಮತ್ತೆ ಶಾಸನ ಓದಿದ ತಕ್ಷಣ ಇತಿಹಾಸ ಪೂರ್ತಿ ಸಿಕ್ತು ಅಂದ್ಕೊಳೋದೂ ಬೇಡ. ಕಲ್ಲು ಕೆತ್ತಿಸೋ ಶಕ್ತಿ ಇದ್ದವರ ಮಾತು ಮಾತ್ರ ಕಲ್ಲಲ್ಲಿ ಇರುತ್ತೆ. ದಾನ ಕೊಟ್ಟವರು, ಯುದ್ಧದಲ್ಲೋ ತುರುಗೊಳ್ಳೋ (ಅಂದ್ರೆ ದನ ಹೊಡ್ಕೊಂಡು ಹೋಗೋ) ಜಗಳದಲ್ಲೋ ಸತ್ತವರು, ಕೆರೆ ಕಟ್ಟಿಸಿದವರು. ಆ ಕೆರೆಗೆ ಮಣ್ಣು ಹೊತ್ತವರ ಹೆಸರು ಇರಲ್ಲ. ಬಹಳಷ್ಟು ವೀರಗಲ್ಲಲ್ಲಿ ವರ್ಷನೇ ಬರೆದಿಲ್ಲ, ಅಕ್ಷರದ ಆಕಾರ ನೋಡಿ, ರಾಜನ ಹೆಸರು ನೋಡಿ ತಿಳಿದವರು "ಸುಮಾರು" ಅಂತ ಕಾಲ ಹೇಳ್ತಾರೆ. ಆ "ಸುಮಾರು" ಅನ್ನೋ ಮಾತು ಬಹಳ ಮುಖ್ಯ, ಫಾರ್ವರ್ಡ್ ಮಾಡೋವಾಗ ಅದನ್ನ ಕಿತ್ತು ಬಿಸಾಕ್ತಾರೆ, ಆಮೇಲೆ 890 ಅನ್ನೋದು ಯಾರೋ ಕಂಡು ಬರೆದ ತಾರೀಖು ಥರ ಓಡಾಡುತ್ತೆ. ನೀವು ಯಾರಿಗಾದ್ರೂ ಹೇಳೋವಾಗ ಅದನ್ನ ಸೇರಿಸೇ ಹೇಳಿ.

ಇಷ್ಟೆಲ್ಲಾ ಯಾಕೆ ಅರ್ಜೆಂಟು ಅಂದ್ರೆ ಕಲ್ಲುಗಳು ಹೋಗ್ತಾ ಇವೆ. ರೈಸ್ ಪುಸ್ತಕದಲ್ಲಿ ಪಾಠ ಇದೆ, ಜಾಗಕ್ಕೆ ಹೋದ್ರೆ ಅಪಾರ್ಟ್‌ಮೆಂಟ್ ಇದೆ. ರಸ್ತೆ ಅಗಲ ಮಾಡೋವಾಗ ಹೂತುಹೋಗಿರುತ್ತೆ, ಗುಡಿ ಜೀರ್ಣೋದ್ಧಾರದಲ್ಲಿ ಟೈಲ್ಸ್ ಕೆಳಗೆ ಸೇರಿರುತ್ತೆ, ಎಷ್ಟೋ ಕಡೆ ಬಟ್ಟೆ ಒಗೆಯೋ ಕಲ್ಲಾಗಿದೆ. ಎಲ್ಲಕ್ಕಿಂತ ಕೆಟ್ಟದ್ದು ನಿಧಿ ಆಸೆ, ಕಲ್ಲಿನ ಮೇಲಿನ ಬರಹ ನಿಧಿ ಇರೋ ಗುಟ್ಟು ಅಂತ ತಿಳ್ಕೊಂಡು ರಾತ್ರೋರಾತ್ರಿ ಕಿತ್ತು ಒಡೆದು ಹಾಕೋರಿದಾರೆ. ನಿಜವಾಗಿ ಅಲ್ಲಿ ಬರೆದಿರೋದು ಏನು ಗೊತ್ತಾ? ದಾನದ ಶಾಸನ ಆದ್ರೆ ಬಹಳ ಸಲ ಕೊನೇಲಿ ಶಾಪ ಇರುತ್ತೆ, ಈ ದಾನ ಹಾಳು ಮಾಡಿದವನು ಗಂಗೆ ತಡಿಯಲ್ಲಿ ಕವಿಲೆ ಹಸು ಕೊಂದ ಪಾಪಕ್ಕೆ ಹೋಗ್ತಾನೆ, 60,000 ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ತಾನೆ ಅಂತ. ಮೇಲೆ ಸೂರ್ಯ ಚಂದ್ರ ಕೆತ್ತಿರ್ತಾರೆ, ಅವೆರಡೂ ಇರೋವರೆಗೂ ಈ ಮಾತು ಇರಲಿ ಅಂತ. ಅಷ್ಟು ಹಂಬಲಿಸಿ ನಿಲ್ಲಿಸಿದ ಕಲ್ಲು ಜೆಸಿಬಿ ಬಾಯಿಗೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸ್ಕ್ಯಾನ್ ಮಾಡಿಟ್ಟಿದ್ರೆ ನಾಳೆ ಕಲ್ಲು ಹೋದ್ರೂ ಅದರ ಅಳತೆ, ಅಕ್ಷರ, ಒಂದೊಂದು ಗೀರೂ ಉಳಿಯುತ್ತೆ, ಬೇಕಾದ್ರೆ ತ್ರೀಡಿ ಪ್ರಿಂಟ್ ತೆಗೀಬಹುದು. ಕಲ್ಲು ಉಳಿಸೋದಕ್ಕೆ ಇದು ಬದಲಿ ಅಲ್ಲ, ಆದ್ರೆ ಏನೂ ಉಳಿಯದೆ ಹೋಗೋದಕ್ಕಿಂತ ಲಕ್ಷ ಪಾಲು ಮೇಲು. ಕೇಂದ್ರ ಸರ್ಕಾರ ಕೂಡ 2023ರ ಬಜೆಟ್‌ನಲ್ಲಿ ಮೊದಲ ಹಂತಕ್ಕೆ 1 ಲಕ್ಷ ಶಾಸನ ಡಿಜಿಟಲ್ ಮಾಡೋ ಭಾರತ್ ಶ್ರೀ ಯೋಜನೆ ಹೇಳಿದೆ, ಅದೂ ಇದೇ ಥರ ಎಲ್ಲರಿಗೂ ಮುಕ್ತವಾಗಿ, ಕನ್ನಡದಲ್ಲೇ ಹುಡುಕೋ ಹಾಗೆ ಬಂದ್ರೆ ಎಷ್ಟು ಚೆನ್ನಾಗಿರುತ್ತೆ.

ಸ್ಟಾರ್ ಕೊಡು ಅಂದ್ರೆ 5ಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಸುಲಭ ಕನ್ನಡದ ವಿವರಣೆ ಜಾಸ್ತಿ ಆದಾಗ ಸೇರಿಸ್ತೀನಿ. ಯಾರಿಗೆ ಬೇಕು ಅಂದ್ರೆ ಎಂಟನೇ ಕ್ಲಾಸಿಂದ ಮೇಲಿನ ಮಕ್ಕಳಿರೋ ಮನೆಯವರಿಗೆ, ಮೇಷ್ಟ್ರುಗಳಿಗೆ, ರಿಟೈರ್ ಆಗಿ ಏನಾದ್ರೂ ಓದ್ಬೇಕು ಅನ್ನೋರಿಗೆ, ಹೊರದೇಶದಲ್ಲಿದ್ದು ಮಕ್ಕಳಿಗೆ ಊರು ತೋರಿಸ್ಬೇಕು ಅನ್ನೋ ಕನ್ನಡದವರಿಗೆ. ಬೇಸರ ಕಳೆಯೋಕೆ ಎರಡು ನಿಮಿಷ ನೋಡೋರಿಗೆ ಹಿಡಿಸಲ್ಲ, ಕೂತು ನೋಡ್ಬೇಕು. ಮ್ಯಾಪ್ ತೆಗೆದು ಮೊದಲು ನಿಮ್ಮ ಮನೆ ಹತ್ತಿರ ಯಾವ ಕಲ್ಲಿದೆ ನೋಡಿ. ದೂರದ ಹಂಪಿ ಬಾದಾಮಿ ಆಮೇಲೆ.

ಕೊನೇದಾಗಿ ಉಪಯೋಗಕ್ಕೆ ಬರೋ ಮಾತು. ನಿಮ್ಮ ಏರಿಯಾದಲ್ಲಿ, ಊರಲ್ಲಿ, ಹೊಲದ ಬದುವಲ್ಲಿ ಅಕ್ಷರ ಇರೋ ಕಲ್ಲು ಕಂಡ್ರೆ ಸೀಮೆಸುಣ್ಣ, ವಿಭೂತಿ, ಪೇಂಟ್ ಏನೂ ಉಜ್ಜಬೇಡಿ, ಆ್ಯಸಿಡ್ ಹಾಕಿ ತೊಳೀಬೇಡಿ. ಸಂಜೆ ಹೊತ್ತು ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ಒಂದು ಫೋಟೋದಲ್ಲಿ ಕಲ್ಲಿನ ಪಕ್ಕ ಸ್ಕೇಲೋ ಪೆನ್ನೋ ಇಡಿ, ಲೊಕೇಶನ್ ಸೇವ್ ಮಾಡ್ಕೊಳ್ಳಿ. ಜಾಗದ ವಿವರ ಹಾಕಿ ಎಲ್ಲಾ ಗ್ರೂಪಿಗೂ ಹಂಚೋಕೆ ಹೋಗ್ಬೇಡಿ, ನಿಧಿ ಹುಡುಕೋರು ಆ ಗ್ರೂಪಲ್ಲೂ ಇರ್ತಾರೆ. ಮಿಥಿಕ್ ಸೊಸೈಟಿಗೋ ಪುರಾತತ್ವ ಇಲಾಖೆಗೋ ನೇರವಾಗಿ ತಿಳಿಸಿ, ಕಲ್ಲಿರೋ ಜಾಗದವರ ಜೊತೆ ಕೂತು ಮಾತಾಡಿ ಇದರಲ್ಲಿ ನಿಧಿ ಇಲ್ಲ, ನಿಮ್ಮೂರಿನವರ ಹೆಸರಿದೆ ಅಂತ ಹೇಳಿ.